ಒಂದು ಕಣ್ಣಿಗೆ ಒಂದು ರೂಪಾಯಿ

ಬೈತಖೋಲದಲ್ಲಿ ಜೂನ್ ಅಂದರೆ
ದೋಣಿಗಳಿಗೆ ರಜೆ, ಬಲೆಗಳಿಗೆ ಆಸ್ಪತ್ರೆ.
ಮಾವ ತುಳಸು ಶೆಡ್ಡಿನಲ್ಲಿ ಕಾಲು ಚಾಚಿ
ಹೆಬ್ಬೆರಳಿಗೆ ಹರಕು ಬಲೆ ಸಿಕ್ಕಿಸಿ ಕೂರುತ್ತಾರೆ.
ಪಕ್ಕದಲ್ಲಿ ನನ್ನ ವೈಜು, ಒಂಬತ್ತು ವರ್ಷ.
ಯಾರೂ ಕರೆದದ್ದಲ್ಲ.
ಅಜ್ಜನ ಬೆರಳುಗಳನ್ನು
ಬೆಕ್ಕು ಮೀನು ನೋಡಿದ ಹಾಗೆ ನೋಡಿ ನೋಡಿ
ಒಂದು ದಿನ ತಾನೇ ಸೂಜಿ ಎತ್ತಿಕೊಂಡಳು.

ಮೊದಲ ಗಂಟು ಜಾರಿತು.
ಎರಡನೆಯದು ಬಿಗಿಯಿತು, ತಪ್ಪು ಜಾಗದಲ್ಲಿ.
ಹತ್ತನೆಯದನ್ನೋ ಹನ್ನೊಂದನೆಯದನ್ನೋ
ಹಲ್ಲಿನಿಂದ ಕಚ್ಚಿ ಬಿಡಿಸಿದಳು.
ಊಟಕ್ಕೆ ಕರೆದರೆ “ತಡೆ ಆಯಿ, ಇದೊಂದು ಕಣ್ಣು”;
ಆ ಒಂದು ಕಣ್ಣು ಮುಗಿಯುವಷ್ಟರಲ್ಲಿ
ಗಂಜಿ ತಣ್ಣಗಾಗಿ ಕೆನೆ ಕಟ್ಟಿರುತ್ತಿತ್ತು.
ಮೂಲೆಯ ತುಂಡು ಬಲೆಯಲ್ಲಿ, ಯಾರಿಗೂ ಬೇಡದ
ಐದು ಮೂಲೆಯ ಕಣ್ಣೊಂದು ಹೆಣೆದು
“ಇದಕ್ಕೆ ನಕ್ಷತ್ರಮೀನು ಮಾತ್ರ ಬೀಳ್ತದೆ” ಎಂದು
ತನ್ನಷ್ಟಕ್ಕೆ ನಕ್ಕಳು.

ನಾನು ಲೆಕ್ಕದವಳು. ಬುಟ್ಟಿ ಹೊತ್ತು ಮಾರುವವಳಿಗೆ
ಪುಕ್ಕಟೆ ಅಂದರೆ ಕೊಳೆತದ್ದು.
ಇಷ್ಟು ಚೆಂದ ಮಾಡುವವಳಿಗೆ ಏನಾದರೂ ಕೊಡಬೇಡವೆ?
ಒಂದು ಕಣ್ಣಿಗೆ ಒಂದು ರೂಪಾಯಿ, ಎಂದೆ.
ಪ್ರೀತಿಯಿಂದಲೇ ಎಂದೆ.
ಮಾವ ತಲೆ ಎತ್ತದೆ “ಹ್ಞೂಂ” ಅಂದರು.
ಆ ಹ್ಞೂಂ ಹೌದು ಅಲ್ಲ; ಬೇಡವೂ ಅಲ್ಲ.

ಮೊದಲ ವಾರ ಹಬ್ಬ. ಹಾರ್ಲಿಕ್ಸ್ ಡಬ್ಬಿಯಲ್ಲಿ ನಾಣ್ಯ ಕುಣಿದವು.
ಎರಡನೇ ವಾರ ದೊಡ್ಡ ಹರಕುಗಳನ್ನು ಅಜ್ಜನ ಕಡೆ ತಳ್ಳಿ
ಸಣ್ಣವನ್ನೇ ಆರಿಸಿದಳು.
ಮೂರನೇ ವಾರ, ನಾನೇ ಕಂಡೆ,
ಹರಿಯದ ಕಡೆ ಬ್ಲೇಡು ಆಡಿಸಿ, ಮತ್ತೆ ಅದನ್ನೇ ಕಟ್ಟಿ
“ಇಪ್ಪತ್ತೆರಡಾಯ್ತು” ಎಂದು ಕೈ ಚಾಚಿದಳು.

ಐದು ಮೂಲೆಯ ಕಣ್ಣನ್ನು ಮತ್ತೆ ಹೆಣೆಯಲಿಲ್ಲ.
ಅದನ್ನು ಯಾವ ಲೆಕ್ಕದಲ್ಲಿ ಬರೆಯುವುದು?

ಜುಲೈಗೆ ಕೈ ಬರಿದು. ಒಣಮೀನೂ ಮುಗಿಯಿತು.
ನಾಡಿದ್ದು ಕೊಡುತ್ತೇನೆ, ಎಂದೆ.
“ಹಾಗಾದರೆ ನಾಡಿದ್ದು ಹೆಣೀತೇನೆ.”
ಸೂಜಿ ಮೊಳೆಯಲ್ಲಿ ತೂಗಿತು.
ಬೈದೆ. ನೆರೆಮನೆಯವರ ಮುಂದೆ ಹೊಗಳಿದೆ.
ಎರಡು ರೂಪಾಯಿ ಎಂದೆ.
ನಿನ್ನೆಯ ಬಂಗಡೆಯ ಕಿವಿರು ಎತ್ತಿ ನೋಡುವ ಗಿರಾಕಿಯ ಹಾಗೆ
ನನ್ನನ್ನು ನೋಡಿದಳು.

ಆ ರಾತ್ರಿ ನೆನಪಾಯಿತು: ಹನ್ನೊಂದರಲ್ಲಿ ನಾನು,
ಕೋಡಿಬಾಗದ ರಸ್ತೆಯಲ್ಲಿ, ತಲೆ ಮೇಲೆ ಆಯಿಯ ಬುಟ್ಟಿ.
ಎರಡೂ ಕೈ ಬಿಟ್ಟರೆ ಏನಾಗುತ್ತದೆ ಎಂದು
ಬಿಟ್ಟೆ.
ಮೂರು ಸಲ ತಾರ್ಲೆ ಬೀದಿಗೆ ಬಿತ್ತು, ಕಾಗೆಗಳಿಗೆ ಸುಗ್ಗಿ,
ಬೆನ್ನಿಗೆ ಪೆಟ್ಟು. ನಾಲ್ಕನೆಯ ಸಲ
ಕೈಗಳೆರಡೂ ಗಾಳಿಯಲ್ಲಿ, ಕುತ್ತಿಗೆಯಲ್ಲಿ ಏನೋ ಒಂದು
ತಾನೇ ತೂಕ ತಿಳಿದುಕೊಂಡಿತು.
ಯಾರಾದರೂ ಹೆಜ್ಜೆಗೊಂದು ಪೈಸೆ ಕೊಟ್ಟಿದ್ದರೆ
ಹೆಜ್ಜೆ ಎಣಿಸುತ್ತಿದ್ದೆ,
ಬುಟ್ಟಿ ಬೀಳುತ್ತಿತ್ತು.

ಕಡಲಿಗೆ ತೆಂಗಿನಕಾಯಿ ಬಿಟ್ಟಾಯಿತು. ದೋಣಿ ಇಳಿದವು.
ಒಂದು ಸಂಜೆ ಕರೆಂಟಿಲ್ಲ. ದೇವಗಡದ ದೀಪ ಮಾತ್ರ
ದೂರದಲ್ಲಿ ಕಣ್ಣು ಬಿಟ್ಟು ಮುಚ್ಚುತ್ತಿತ್ತು.
ಮಾವ ಆ ತುಂಡು ಬಲೆ ಹಿಡಿದು ಏನೋ ಹೆಣಗುತ್ತಿದ್ದರು.
“ಎಂತ ಅಜ್ಜ ಅದು?”
“ಏಳು ಮೂಲೇದು. ಬರ್ತಾ ಇಲ್ಲ.”
ಅವಳು ಒಂಟಿಕಾಲಲ್ಲಿ, ಕೊಕ್ಕರೆಯ ಹಾಗೆ,
ತುಂಬಾ ಹೊತ್ತು ನಿಂತಿದ್ದಳು.
“ಏಳು ಆಗೂದಿಲ್ಲ” ಎಂದು ಒಳಗೆ ಬಂದು ಮಲಗಿದಳು.
ನಾನು ನಾಣ್ಯದ ಡಬ್ಬಿಯನ್ನು ಸದ್ದಾಗದಂತೆ
ಅಕ್ಕಿಯೊಳಗೆ ಹೂತಿಟ್ಟೆ.

ಬೆಳಿಗ್ಗೆ ನೋಡಿದರೆ, ತುಂಡು ಬಲೆಯಲ್ಲಿ
ಅರ್ಧ ಕಟ್ಟಿದ ಸೊಟ್ಟ ಕಣ್ಣು.
ನೂಲಿನ ಮೇಲೆ ಸಣ್ಣ ಹಲ್ಲಿನ ಗುರುತು.

ಬುಟ್ಟಿ ಹೊತ್ತು ಹೊರಟೆ.
ಶಾಬಾಸ್ ಎನ್ನಲು ನಾಲಿಗೆ ತುರಿಸಿತು.
ಬಂಗಡೆ, ಬಂಗಡೆ ಎಂದು ಕೂಗಿಕೊಂಡೆ.